ಊರ ಶಾಲೆಯ ಹಳೆ ವಿದ್ಯಾರ್ಥಿಗಳ ಸಂಚಿಕೆ: ದಾಖಲಾತಿ ವಹಿಯಿಂದ ಅಚ್ಚಿನ ಮನೆಯವರೆಗೆ

ನಮ್ಮ ಕಡೆ ಶಾಲೆಗೆ ಐವತ್ತೋ ಎಪ್ಪತ್ತೈದೋ ವರ್ಷ ತುಂಬಿತೆಂದರೆ ಶಾಮಿಯಾನ ಏಳುತ್ತದೆ, ಗುರುವಂದನೆ ನಡೆಯುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಮುಗಿದು ಜನ ಊಟಕ್ಕೆ ಏಳುವ ಹೊತ್ತಿಗೆ ಕೈಗೊಂದು ಸ್ಮರಣ ಸಂಚಿಕೆ ಬರುತ್ತದೆ. ಬಿಚ್ಚಿ ನೋಡಿ. ಶುರುವಿನ ಪುಟಗಳೆಲ್ಲ ಸಚಿವರು, ಶಾಸಕರು, ಡಿಡಿಪಿಐ, ಬಿಇಒ ಅವರ ಶುಭಸಂದೇಶ. ಆಮೇಲೆ ‘ಶುಭ ಕೋರುವವರು’ ಎಂಬ ಬಣ್ಣದ ಜಾಹೀರಾತು. ಮಿಕ್ಕ ಜಾಗದಲ್ಲಿ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ನೆಲೆ ನಿಂತ ಎಂಟು-ಹತ್ತು ಮಂದಿ ಕೋಟು ಹಾಕಿ ನಿಂತ ಫೋಟೊ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದವಳು, ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದು ಲಾರಿ ಹತ್ತಿದವನು, ಇವರ ಸುಳಿವೇ ಇರುವುದಿಲ್ಲ. ಹಳ್ಳಿಯ ಎಷ್ಟೋ ಶಾಲೆಗಳಲ್ಲಿ ಹಳೆ ವಿದ್ಯಾರ್ಥಿಗಳೆಂದರೆ ಹೆಚ್ಚಿನವರು ಇವರೇ.

ಇವರನ್ನೂ ಸೇರಿಸಿಕೊಂಡು ಸಂಚಿಕೆ ತರಬೇಕು ಅನ್ನುವವರಿಗಾಗಿ ಈ ಮಾರ್ಗದರ್ಶಿ. ಬರೆಯುವಾಗ ನನ್ನ ಕಣ್ಣ ಮುಂದೆ ಇರುವುದು ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ ಸುತ್ತಿನ ಸರ್ಕಾರಿ ಶಾಲೆಗಳು. ಮಧುಗಿರಿ, ಪಾವಗಡದವರಿಗೂ ಇದರಲ್ಲಿ ಬದಲಿಸಬೇಕಾದ್ದು ಹೆಚ್ಚಿಲ್ಲ.

1. ವೇದಿಕೆಯ ಸಮಿತಿ ಬೇರೆ, ಕೆಲಸದ ತಂಡ ಬೇರೆ

ಗೌರವಾಧ್ಯಕ್ಷರು, ಉಪಾಧ್ಯಕ್ಷರು, ಸಂಚಾಲಕರು ಎಂದು ಮೂವತ್ತು ಹೆಸರಿನ ಸಮಿತಿ ಆಗಿಯೇ ಆಗುತ್ತದೆ, ಆಗಲಿ. ಸಂಚಿಕೆಯ ಕೆಲಸಕ್ಕೆ ಮಾತ್ರ ನಾಲ್ಕೈದು ಜನ ಸಾಕು. ಊರಲ್ಲೇ ಇರುವವರು ಒಬ್ಬರು, ಕನ್ನಡದಲ್ಲಿ ಟೈಪ್ ಮಾಡಬಲ್ಲವರು ಒಬ್ಬರು, ಲೆಕ್ಕ ಬರೆಯುವವರು ಒಬ್ಬರು. ಇವರ ಜೊತೆಗೆ ಅದೇ ಶಾಲೆಯಲ್ಲಿ ಓದಿದ ಹೆಣ್ಣುಮಗಳು ಒಬ್ಬರಾದರೂ ಇರಲೇಬೇಕು. ಯಾಕೆಂದು ಮೂರನೇ ಹಂತದಲ್ಲಿ ಗೊತ್ತಾಗುತ್ತದೆ.

ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಶುರು ಮಾಡಿದರೆ ಗೌರಿ ಹಬ್ಬ, ದಸರಾ ರಜೆ, ದೀಪಾವಳಿ ಮೂರೂ ಸಿಗುತ್ತವೆ. ಊರಿಗೆ ಜನ ಬರುವುದೇ ಆಗ. ಡಿಸೆಂಬರ್‌ ಹೊತ್ತಿಗೆ ಬರಹ ಕೈಗೆ ಬಂದರೆ ಸಂಕ್ರಾಂತಿ ಕಳೆದು ಅಚ್ಚು. ಎರಡು ತಿಂಗಳಲ್ಲಿ ಮುಗಿಸುತ್ತೇವೆ ಅನ್ನುವವರ ಸಂಚಿಕೆಯಲ್ಲಿ ಶುಭಸಂದೇಶ ಬಿಟ್ಟರೆ ಬೇರೇನೂ ಇರುವುದಿಲ್ಲ.

2. ದಾಖಲಾತಿ ವಹಿ

ಎಲ್ಲಕ್ಕೂ ಮೂಲ ಇದು. ಮುಖ್ಯ ಶಿಕ್ಷಕರಿಗೆ ಒಂದು ಅರ್ಜಿ ಬರೆದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೂ ತಿಳಿಸಿ, ಅನುಮತಿ ಪಡೆದು ಶಾಲೆಯಲ್ಲೇ ಕೂತು ನೋಡಿ. ವಹಿಯನ್ನು ಮನೆಗೆ ಒಯ್ಯಬೇಡಿ, ಕೊಡುತ್ತೇವೆಂದರೂ ಬೇಡ. ಅದು ಶಾಶ್ವತ ದಾಖಲೆ. ಟಿಸಿಗೆ, ವಯಸ್ಸಿನ ಪುರಾವೆಗೆ ಇವತ್ತಿಗೂ ಜನ ಅದನ್ನೇ ಹುಡುಕಿಕೊಂಡು ಬರುತ್ತಾರೆ.

ಬರೆದುಕೊಳ್ಳಬೇಕಾದ್ದು ಇಷ್ಟೇ: ಹೆಸರು, ತಂದೆ ಅಥವಾ ಪೋಷಕರ ಹೆಸರು, ಊರು, ಸೇರಿದ ವರ್ಷ, ಬಿಟ್ಟ ವರ್ಷ, ಬಿಟ್ಟಾಗಿನ ತರಗತಿ. ಜಾತಿಯ ಕಾಲಂ ಪಕ್ಕದಲ್ಲೇ ಇರುತ್ತದೆ, ಅದನ್ನು ಇಳಿಸಿಕೊಳ್ಳಬೇಡಿ. ಹುಟ್ಟಿದ ತಾರೀಖೂ ಬೇಡ. ಅದನ್ನು ನಂಬುವ ಹಾಗೂ ಇಲ್ಲ. ಹಳೆಯ ವಹಿಗಳಲ್ಲಿ ಮಕ್ಕಳು ಸಾಲುಸಾಲಾಗಿ ಜೂನ್ 1ರಂದೇ ಹುಟ್ಟಿರುತ್ತಾರೆ. ಸೇರಿಸಲು ಬಂದ ಅಜ್ಜಿ ‘ರಾಗಿ ಕೊಯ್ಲಿನಾಗೆ ಹುಟ್ಟಿದ್ದು ಸಾ’ ಅಂದಿರುತ್ತಾಳೆ, ಹೆಡ್ಮೇಷ್ಟ್ರು ಮಗುವಿನ ಕೈಯನ್ನು ತಲೆ ಮೇಲಿಂದ ಹಾಯಿಸಿ ಕಿವಿ ಮುಟ್ಟಿಸಿ ನೋಡಿ ತಾರೀಖು ಬರೆದಿರುತ್ತಾರೆ.

ಪದೇ ಪದೇ ಬರುವ ಹೆಸರುಗಳ ಬಗ್ಗೆ ಎಚ್ಚರ ಬೇಕು. ಈ ಸೀಮೆಯಲ್ಲಿ ನಾರಾಯಣಸ್ವಾಮಿ, ಮುನಿಯಪ್ಪ, ವೆಂಕಟೇಶ, ಮಂಜುಳ ಎಂಬ ಹೆಸರು ಒಂದೊಂದು ಬ್ಯಾಚಿನಲ್ಲಿ ಮೂರು ಮೂರು ಇರಬಹುದು. ತಂದೆಯ ಹೆಸರು, ಊರು ಎರಡೂ ಇಲ್ಲದೆ ಯಾರ ಹೆಸರನ್ನೂ ಪಟ್ಟಿಗೆ ಹಾಕಬೇಡಿ.

ಹಳೆ ಕಾಗದಗಳಿಗೆ ವರ್ಷ ಹಚ್ಚಲು ಮೊಹರು ನೆರವಾಗುತ್ತದೆ. ಮೈಸೂರು ರಾಜ್ಯ ಎಂದಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್ 1ಕ್ಕೆ ಹಿಂದಿನದು. ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ. ಹಾಗಾಗಿ ಚಿಂತಾಮಣಿ ಶಾಲೆಯ ಟಿಸಿಯಲ್ಲಿ ‘ಕೋಲಾರ ಜಿಲ್ಲೆ’ ಎಂದಿರುವುದನ್ನು ಯಾರೋ ತಪ್ಪೆಂದು ತಿದ್ದಲು ಹೊರಟರೆ ತಡೆಯಿರಿ.

ಬಿಟ್ಟುಹೋದ ಕಾರಣ ಎಂಬ ಕಾಲಂ ಕೆಲವು ವಹಿಗಳಲ್ಲಿದೆ. ‘ಸತತ ಗೈರುಹಾಜರಿ’, ‘ಪೋಷಕರ ಇಚ್ಛೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿರುತ್ತಾರೆ. ಆ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ನಿಮ್ಮ ಸಂಚಿಕೆಯ ಜೀವ ಆ ಹಾಳೆಯಲ್ಲಿದೆ.

3. ಜನರನ್ನು ಹುಡುಕುವುದು

ವಾಟ್ಸ್‌ಆ್ಯಪ್ ಗುಂಪು ಮಾಡಿದ ದಿನವೇ ನಲವತ್ತು ಜನ ಸೇರುತ್ತಾರೆ. ಖುಷಿಯಾಗುತ್ತದೆ. ಒಂದು ವಾರ ಬಿಟ್ಟು ಆ ನಂಬರುಗಳನ್ನು ಪಟ್ಟಿಯ ಜೊತೆ ತಾಳೆ ನೋಡಿ. ಬಹುಪಾಲು ಗಂಡಸರು, ಹತ್ತನೇ ಕ್ಲಾಸು ಮುಗಿಸಿದವರು, ಸಂಬಳದ ಕೆಲಸದಲ್ಲಿರುವವರು. ಗುಂಪಿನಿಂದ ಸಿಗುವುದು ಅಷ್ಟೇ. ಉಳಿದವರಿಗೆ ಕಾಲಿಗೆ ಚಪ್ಪಲಿ ಮೆಟ್ಟಲೇಬೇಕು.

ಎಲ್ಲಕ್ಕಿಂತ ಕಷ್ಟ ಹೆಣ್ಣುಮಕ್ಕಳನ್ನು ಹುಡುಕುವುದು. ಮದುವೆಯಾಗಿ ಊರು ಬದಲಾಗಿರುತ್ತದೆ, ಕೆಲವರಿಗೆ ಹೆಸರೂ ಬದಲಾಗಿರುತ್ತದೆ. ಫೋನ್ ಗಂಡನದೋ ಮಗನದೋ. ಅಪರಿಚಿತ ಗಂಡಸೊಬ್ಬ ಕರೆ ಮಾಡಿ ‘ನಿಮ್ಮ ಮನೆಯವರ ಸ್ಕೂಲ್ ಫ್ರೆಂಡು’ ಅಂದರೆ ಆ ಮನೆಯಲ್ಲಿ ಸಂಜೆ ಏನಾಗಬಹುದು ಎಂದು ಯೋಚಿಸಿ. ಆದ್ದರಿಂದ ದಾರಿ ತವರುಮನೆಯಿಂದಲೇ ಹೋಗಬೇಕು. ವಹಿಯಲ್ಲಿ ತಂದೆಯ ಹೆಸರಿದೆ, ಮನೆ ಊರಲ್ಲೇ ಇದೆ. ಅಣ್ಣನನ್ನೋ ಅತ್ತಿಗೆಯನ್ನೋ ಕೇಳಿ, ತಂಡದ ಹೆಣ್ಣುಮಗಳಿಂದಲೇ ಫೋನ್ ಮಾಡಿಸಿ. ಇನ್ನೂ ಒಳ್ಳೆಯದೆಂದರೆ ಅವರು ಊರಿಗೆ ಬರುವವರೆಗೆ ಕಾಯುವುದು. ಗೌರಿ ಹಬ್ಬಕ್ಕೆ ಬರುತ್ತಾರೆ, ಊರ ಜಾತ್ರೆಗೆ ಬರುತ್ತಾರೆ, ಗ್ರಾಮದೇವತೆಗೆ ತಂಬಿಟ್ಟಿನ ದೀಪ ಹೊರುವ ದಿನ ತಪ್ಪದೆ ಬರುತ್ತಾರೆ. ದೀಪ ಮುಗಿದ ಮಾರನೆಯ ಬೆಳಿಗ್ಗೆ ಮನೆಯಲ್ಲಿ ಕೆಲಸ ಕಡಿಮೆ. ಆಗ ಜಗುಲಿಯ ಮೇಲೆ ಕೂತರೆ ಒಬ್ಬರ ಜೊತೆ ನಾಲ್ಕು ಜನ ಗೆಳತಿಯರು ಸೇರುತ್ತಾರೆ.

ಊರಲ್ಲೇ ಉಳಿದವರು ಸಿಗುವ ಜಾಗ ಹಾಲಿನ ಡೇರಿ. ಬೆಳಿಗ್ಗೆಯೂ ಸಂಜೆಯೂ ಕ್ಯಾನು ಹಿಡಿದ ಸಾಲಿನಲ್ಲಿ ಮೂರು ತಲೆಮಾರಿನ ಹಳೆ ವಿದ್ಯಾರ್ಥಿಗಳು ನಿಂತಿರುತ್ತಾರೆ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದ ಪ್ರತಿನಿಧಿಗೆ ಯಾವ ಮನೆಯ ಮಗಳು ಎಲ್ಲಿದ್ದಾಳೆ ಎಂಬುದು ಬಾಯಿಪಾಠ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ, ಕೋಲಾರದ ಟೊಮೆಟೊ ಮಂಡಿಯಲ್ಲಿ ಬೆಳಗಿನ ಹೊತ್ತು ಒಂದು ಸುತ್ತು ಹಾಕಿದರೂ ಐದಾರು ಹೆಸರು ಪಟ್ಟಿಯಿಂದ ಹೊಡೆಯಬಹುದು. ತುಮಕೂರು ಸೀಮೆಯಲ್ಲಿ ಹೈಸ್ಕೂಲಿಗೆಂದು ಸಿದ್ಧಗಂಗಾ ಮಠಕ್ಕೆ ಸೇರಿದ ಹುಡುಗರು ಬಹಳ. ಒಬ್ಬರು ಸಿಕ್ಕರೆ ಜೊತೆಗಿದ್ದವರೆಲ್ಲ ಸಿಕ್ಕಂತೆ. ಅವರ ಒಗ್ಗಟ್ಟು ಹಾಗಿದೆ.

ಮೇಷ್ಟ್ರುಗಳನ್ನು ಮರೆಯಬೇಡಿ. ನಿವೃತ್ತರಾಗಿ ಪಟ್ಟಣ ಸೇರಿದವರನ್ನು ಮೊದಲೇ ಕಂಡು ಬನ್ನಿ. ವಯಸ್ಸು ಯಾರಿಗೂ ಕಾಯುವುದಿಲ್ಲ.

4. ಮಾತಾಡಿಸುವುದು

‘ನಿಮ್ಮ ಶಾಲಾ ದಿನಗಳ ಸವಿನೆನಪು ಹೇಳಿ’ ಎಂದು ಕೇಳಿದರೆ ‘ಆ ಕಾಲ ಚೆನ್ನಾಗಿತ್ತು, ಮೇಷ್ಟ್ರಿಗೆ ಹೆದರ್ತಿದ್ವಿ, ಈಗಿನವರಿಗೆ ಭಯಭಕ್ತಿ ಇಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಎಲ್ಲರದೂ ಅದೇ ಉತ್ತರ. ಸವಿ ಅನ್ನುವ ಮಾತನ್ನೇ ಬಿಟ್ಟು ಸಣ್ಣ ಸಣ್ಣದು ಕೇಳಿ:

- ಅಕ್ಕಾ, ನೀವು ಯಾವ ಕಡೆ ಕೂರ್ತಿದ್ರಿ? ಪಕ್ಕದಲ್ಲಿ ಯಾರು?
- ಮನೆಯಿಂದ ಶಾಲೆಗೆ ಯಾವ ದಾರಿ? ಮಳೆಗಾಲದಲ್ಲಿ ಹೊಳೆ ಬಂದ್ರೆ?
- ಸ್ಲೇಟು, ಬಳಪ ಯಾರು ತಂದುಕೊಟ್ಟಿದ್ದು?
- ಗಂಟೆ ಅಂತ ಏನು ಬಾರಿಸ್ತಿದ್ರು? ರೈಲು ಕಂಬಿಯ ತುಂಡಾ?
- ಕಸ ಗುಡಿಸೋರು ಯಾರು, ನೀರು ತರೋರು ಯಾರು?
- ಮಧ್ಯಾಹ್ನ ಏನು ತಿಂತಿದ್ರಿ?
- ಕೊನೇ ದಿನ ಶಾಲೆಗೆ ಹೋಗಿದ್ದು ನೆನಪಿದೆಯಾ? ಯಾಕೆ ಬಿಟ್ರಿ?

ಕೊನೆಯ ಪ್ರಶ್ನೆಯನ್ನು ಕೊನೆಗೇ ಕೇಳಿ, ಕೇಳಿ ಸುಮ್ಮನಿರಿ. ತಂಗಿ ಹುಟ್ಟಿದ್ದು, ಅಪ್ಪ ಬೋರ್‌ವೆಲ್ ಸಾಲಕ್ಕೆ ಸಿಕ್ಕಿಕೊಂಡದ್ದು, ದೊಡ್ಡವಳಾದದ್ದು, ಹೈಸ್ಕೂಲು ನಾಲ್ಕು ಮೈಲಿ ದೂರವಿದ್ದದ್ದು ಎಲ್ಲ ಅಲ್ಲಿ ಬರುತ್ತದೆ.

ನೀರಿನ ಪ್ರಶ್ನೆ ಸಲೀಸಾದುದಲ್ಲ. ಯಾರು ಕೊಡದಿಂದ ನೇರ ಮೊಗೆದು ಕುಡಿಯುತ್ತಿದ್ದರು, ಯಾರಿಗೆ ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರು, ಯಾರು ಕಿಟಕಿಯ ಪಕ್ಕ ಬೇರೆಯಾಗಿ ಕೂರುತ್ತಿದ್ದರು ಎಂಬುದು ಅದರ ಹಿಂದೆಯೇ ಬರುತ್ತದೆ. ಒಂದೇ ಬ್ಯಾಚಿನ ಇಬ್ಬರಲ್ಲಿ ಒಬ್ಬರು ‘ನಮ್ಮಲ್ಲಿ ಭೇದವೇ ಇರಲಿಲ್ಲ’ ಅನ್ನಬಹುದು, ಇನ್ನೊಬ್ಬರು ಆ ಕೊಡ ಇಟ್ಟಿದ್ದ ಮೂಲೆಯನ್ನು ಇವತ್ತೂ ತೋರಿಸಬಹುದು. ಹಬ್ಬದ ಸಂಚಿಕೆಯಲ್ಲಿ ಇದೆಲ್ಲ ಯಾಕೆ ಎಂದು ಸಮಿತಿಯಲ್ಲಿ ಯಾರಾದರೂ ಅಂದೇ ಅನ್ನುತ್ತಾರೆ. ನನ್ನ ಅಭಿಪ್ರಾಯ: ಹೇಳಿದವರು ಒಪ್ಪಿದರೆ ಹಾಕಿ. ಹೆಸರು ಬೇಡವೆಂದರೆ ಹೆಸರಿಲ್ಲದೆ ಹಾಕಿ. ಭೇದ ಮಾಡಿದವರ ಹೆಸರನ್ನು ಅಚ್ಚು ಮಾಡುವುದು ಬೇಡ. ಸಂಚಿಕೆಯಲ್ಲಿ ಅವರ ಕಡೆಯ ಮಾತು ಕೇಳುವ ವ್ಯವಸ್ಥೆ ಇರುವುದಿಲ್ಲ. ಆದರೆ ನಡೆದದ್ದನ್ನು ಅಳಿಸಿ ‘ಎಲ್ಲರೂ ಒಂದೇ ತಾಯಿಯ ಮಕ್ಕಳಂತೆ ಇದ್ದೆವು’ ಎಂದು ತಿದ್ದಿ ಬರೆಯುವ ಹಕ್ಕು ಸಂಪಾದಕರಿಗೂ ಇಲ್ಲ.

ಏಟಿನ ಕಥೆಗಳಿಗೂ ಇದೇ ಮಾತು. ಹುಣಸೆ ಬರಲಿನ ಏಟನ್ನು ನಗುತ್ತಾ ಹೇಳುವವರು ಬಹಳ, ಅವರು ಓದು ಮುಗಿಸಿದವರು. ಆ ಏಟಿಗೇ ಶಾಲೆ ಬಿಟ್ಟವರನ್ನೂ ಕೇಳಿ. ಮಕ್ಕಳನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ‘ಆ ಏಟಿನಿಂದಲೇ ನಾವು ಉದ್ಧಾರವಾದೆವು’ ಎಂಬ ಸಾಲನ್ನು ಈಗ ಓದುತ್ತಿರುವ ಮಕ್ಕಳ ಕೈಗೆ ಕೊಡುವಾಗ ಎರಡು ಸಲ ಯೋಚಿಸುವುದು ಒಳ್ಳೆಯದು.

ಭಾಷೆಯ ವಿಚಾರ. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಮುಳಬಾಗಿಲು, ಪಾವಗಡದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಕೆಜಿಎಫ್ ಕಡೆ ತಮಿಳು, ಪಟ್ಟಣಗಳಲ್ಲಿ ಉರ್ದು. ರೆಕಾರ್ಡರ್ ಕಂಡ ಕೂಡಲೇ ಜನ ಭಾಷಣದ ಕನ್ನಡಕ್ಕೆ ಬರುತ್ತಾರೆ, ಮಾತು ಒಣಗುತ್ತದೆ. ಮನೆಮಾತಿನಲ್ಲೇ ಹೇಳಲಿ, ಕನ್ನಡ ನೀವು ಮಾಡಿಕೊಳ್ಳಿ. ಒಂದನೇ ಕ್ಲಾಸಿಗೆ ಬಂದಾಗ ಮೇಷ್ಟ್ರ ಕನ್ನಡ ಅರ್ಥವಾಗದೆ ಒಂದಕ್ಕೆ ಹೋಗಲು ಹೇಗೆ ಕೇಳಬೇಕೆಂದು ತಿಳಿಯದೆ ಕೂತದ್ದು ಈ ಸೀಮೆಯ ಸಾವಿರಾರು ಮಕ್ಕಳ ಮೊದಲ ನೆನಪು. ಅದನ್ನು ಕೇಳಿ ತೆಗೆಯಿರಿ.

ಫೋನಿನ ರೆಕಾರ್ಡರ್ ಸಾಕು. ಏರೋಪ್ಲೇನ್ ಮೋಡ್‌ನಲ್ಲಿಡಿ, ನಡುವೆ ಕರೆ ಬರುವುದಿಲ್ಲ. ಮಾತಿನ ಶುರುವಿನಲ್ಲೇ ಅವರ ಹೆಸರು, ಊರು, ಆ ದಿನದ ತಾರೀಖು, ‘ಅಚ್ಚು ಹಾಕಲು ಒಪ್ಪಿಗೆ ಇದೆಯೇ’ ಎಂಬ ಪ್ರಶ್ನೆ ಮತ್ತು ಉತ್ತರ ಧ್ವನಿಯಲ್ಲೇ ಇರಲಿ. ಬರೆದ ಮೇಲೆ ಅವರಿಗೆ ಓದಿ ಹೇಳಿ. ಓದಲು ಬಾರದವರಿಗಂತೂ ಕೂತು ಓದಲೇಬೇಕು.

5. ನೆನಪನ್ನು ತಾಳೆ ನೋಡುವುದು

ನೆನಪು ಸುಳ್ಳು ಹೇಳುವುದಿಲ್ಲ, ಆದರೆ ವರ್ಷ ಕಲಸಿಬಿಡುತ್ತದೆ. ಕೆಲವು ಗೂಟಗಳನ್ನು ಮೊದಲೇ ನೆಟ್ಟುಕೊಂಡರೆ ಕೆಲಸ ಸುಲಭ.

ಇಂದಿರಾ ಗಾಂಧಿ ಹತ್ಯೆಯಾದದ್ದು 1984ರ ಅಕ್ಟೋಬರ್ 31ರ ಬುಧವಾರ. ಅಂದು ಶಾಲೆ ಅರ್ಧಕ್ಕೆ ಬಿಟ್ಟರು ಎಂದರೆ ಹೊಂದುತ್ತದೆ. ರಾಜೀವ್ ಗಾಂಧಿ ತೀರಿಕೊಂಡ ದಿನ ಶಾಲೆ ಬಿಟ್ಟರು ಎಂದು ಯಾರಾದರೂ ಹೇಳಿದರೆ ನಿಲ್ಲಿಸಿ ಕೇಳಿ. ಅದು 1991ರ ಮೇ 21ರ ರಾತ್ರಿ, ಬೇಸಿಗೆ ರಜೆಯ ಕಾಲ. ನೆಹರೂ ತೀರಿಕೊಂಡದ್ದೂ 1964ರ ಮೇ 27ಕ್ಕೆ. ಡಾ. ರಾಜ್‌ಕುಮಾರ್ ಅಪಹರಣ 2000ದ ಜುಲೈ 30ರ ರಾತ್ರಿ ನಡೆಯಿತು, ಬಿಡುಗಡೆ ನವೆಂಬರ್‌ನಲ್ಲಿ. ಆ ವರ್ಷ ಓದುತ್ತಿದ್ದವರಿಗೆ ರಜೆಗಳು ಚೆನ್ನಾಗಿ ನೆನಪಿರುತ್ತವೆ. 1980ರ ಫೆಬ್ರುವರಿ 16ರ ಸೂರ್ಯಗ್ರಹಣ ಇನ್ನೊಂದು ಗಟ್ಟಿ ಗೂಟ. ಬಾಗಿಲು ಹಾಕಿಕೊಂಡು ಒಳಗೆ ಕೂತ ದಿನವನ್ನು ಆ ವಯಸ್ಸಿನವರು ಮರೆತಿಲ್ಲ.

ಶಾಲೆಯ ಊಟ ಬ್ಯಾಚು ಹಿಡಿಯಲು ಬಲು ಒಳ್ಳೆಯ ಸಾಕ್ಷಿ. ಅಮೆರಿಕದ ‘ಕೇರ್’ ಸಂಸ್ಥೆಯಿಂದ ಬಂದ ಗೋಧಿ ನುಚ್ಚಿನ ಉಪ್ಪಿಟ್ಟು, ಹಾಲಿನ ಪುಡಿ ಎಂದವರು ಹಿರಿಯರು. ತಿಂಗಳಿಗೆ 3 ಕೆ.ಜಿ. ಅಕ್ಕಿ ಮನೆಗೆ ತಂದೆವು ಎಂದರೆ 1995ರ ನಂತರದ ಕೆಲವು ವರ್ಷ, ಕೇಂದ್ರದ ಯೋಜನೆಯದು. ಬಿಸಿಯೂಟ, ಅಂದರೆ ಅಕ್ಷರ ದಾಸೋಹ, 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾಗಿ ನಮ್ಮ ಕಡೆಗೆ ಬಂದದ್ದು 2003ರಲ್ಲಿ. ಕ್ಷೀರಭಾಗ್ಯದ ಹಾಲು 2013ರ ಆಗಸ್ಟ್‌ನಿಂದ. 1990ರಲ್ಲಿ ಶಾಲೆಯಲ್ಲಿ ಅನ್ನ-ಸಾರು ಉಂಡೆ ಅನ್ನುವವರು ಬಹುಶಃ ತಮ್ಮನ ನೆನಪನ್ನು ಹೇಳುತ್ತಿದ್ದಾರೆ.

ದೊಡ್ಡವರ ಹೆಸರು ಬಂದಾಗ ಇನ್ನಷ್ಟು ಬಿಗಿ ಬೇಕು. ವಿಶ್ವೇಶ್ವರಯ್ಯನವರ ಊರು ಮುದ್ದೇನಹಳ್ಳಿ ಹತ್ತಿರವೇ ಇರುವುದರಿಂದ ‘ಸರ್ ಎಂ.ವಿ. ನಮ್ಮ ಶಾಲೆಗೆ ಬಂದಿದ್ದರು’ ಎಂದು ಎದೆಯುಬ್ಬಿಸಿ ಹೇಳುವವರು ಸಿಗುತ್ತಾರೆ. ಬಂದಿದ್ದರೂ ಬಂದಿರಬಹುದು, ಸಂದರ್ಶಕರ ಪುಸ್ತಕ ನೋಡಿ. ವಿಶ್ವೇಶ್ವರಯ್ಯನವರು ತೀರಿಕೊಂಡದ್ದು 1962ರಲ್ಲಿ. 1960ರಲ್ಲಿ ಹುಟ್ಟಿದವರು ಅವರಿಂದ ಬಹುಮಾನ ಪಡೆದಿರಲು ಸಾಧ್ಯವಿಲ್ಲ. ಸಿ.ಎನ್.ಆರ್. ರಾವ್ ಅವರ ಹೆಸರಿನ ಮೊದಲ ಅಕ್ಷರ ಚಿಂತಾಮಣಿಯದು ನಿಜ, ಆದರೆ ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ ತಮ್ಮೂರವರೆಂದು ಹೇಳಿಕೊಂಡರೆ ಅದು ನ್ಯಾಯ. ಮಿಕ್ಕವರು ಹೆಸರು ಎಳೆದು ತರಬೇಕಿಲ್ಲ.

6. ಸುದ್ದಿ ಬರೆಯುವ ಬಗೆ

ನೆನಪುಗಳ ಭಾಗ ಬೇರೆ, ‘ಯಾರು ಎಲ್ಲಿದ್ದಾರೆ’ ಭಾಗ ಬೇರೆ ಇಡಿ. ಎರಡನೆಯದನ್ನು ಶಾಲೆ ಬಿಟ್ಟ ವರ್ಷದ ಕ್ರಮದಲ್ಲಿ ಜೋಡಿಸಿ. ಹುದ್ದೆಯ ಕ್ರಮ ಬೇಡವೇ ಬೇಡ. ಎಲ್ಲರಿಗೂ ನಲವತ್ತೈವತ್ತು ಪದ, ಐಎಎಸ್ ಆದವರಿಗೂ ಅಷ್ಟೇ. ಹೆಸರು, ತಂದೆಯ ಹೆಸರು, ಊರು ಬರೆದು ಮುಂದೆ ಹೀಗೆ ಸಾಗಬಹುದು: ‘1991ರಲ್ಲಿ ಏಳನೇ ತರಗತಿ ಬಿಟ್ಟರು. ಹನ್ನೆರಡು ವರ್ಷ ಶಿಡ್ಲಘಟ್ಟದ ಫಿಲೇಚರ್‌ನಲ್ಲಿ ನೂಲು ತೆಗೆದರು. ಈಗ ಎರಡು ಹಸು, ಮುಕ್ಕಾಲು ಎಕರೆ ಸೊಪ್ಪಿನ ತೋಟ. ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಖೋ-ಖೋದಲ್ಲಿ ಅವರನ್ನು ಹಿಡಿದವರಿಲ್ಲ ಎಂದು ಸಹಪಾಠಿಗಳು ಹೇಳುತ್ತಾರೆ.’ ‘ಗೃಹಿಣಿ’ ಎಂಬ ಒಂದೇ ಪದದಲ್ಲಿ ಹೆಂಗಸರ ಸುದ್ದಿ ಮುಗಿಸುವ ಚಾಳಿ ಬಿಡಿ. ಆ ಗೃಹಿಣಿ ದಿನಾ ಹಾಲು ಕರೆಯುತ್ತಾಳೆ, ಸಂಘದ ಲೆಕ್ಕ ಬರೆಯುತ್ತಾಳೆ, ತೋಟಕ್ಕೆ ನೀರು ಕಟ್ಟುತ್ತಾಳೆ. ಅದನ್ನು ಬರೆಯಿರಿ.

ಫೋನ್ ನಂಬರು, ಮನೆ ವಿಳಾಸ ಅಚ್ಚಾಗಬಾರದು. ಮೋಸದ ಕರೆಗಳ ಕಾಲ ಇದು. ನಂಬರಿನ ಪಟ್ಟಿ ತಂಡದ ಒಬ್ಬರ ಬಳಿ ಇರಲಿ, ಕೇಳಿದವರಿಗೆ ಆಚೆಯವರ ಒಪ್ಪಿಗೆ ಪಡೆದು ಕೊಡಲಿ.

ತೀರಿಕೊಂಡವರ ಪಟ್ಟಿಗೆ ಮನೆಯವರ ಮಾತೇ ಆಧಾರ. ಗುಂಪಿನಲ್ಲಿ ‘ಓಂ ಶಾಂತಿ’ ಬಂದಿತೆಂದು ಹಾಕಿದರೆ ಬದುಕಿರುವ ಇನ್ನೊಬ್ಬ ನಾರಾಯಣಸ್ವಾಮಿಯ ಮನೆಗೆ ಸಾಂತ್ವನದ ಫೋನುಗಳು ಹೋಗುತ್ತವೆ. ಸಾವಿನ ಕಾರಣ ಬರೆಯುವ ಅಗತ್ಯವಿಲ್ಲ.

7. ಫೋಟೊಗಳು

ಹಳೆಯ ಗ್ರೂಪ್ ಫೋಟೊ ಸಿಕ್ಕರೆ ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ತರಿಸಬೇಡಿ, ಅದು ಕುಗ್ಗಿಸಿ ಕಳಿಸುತ್ತದೆ, ಅಚ್ಚಿನಲ್ಲಿ ಮುಖಗಳು ಕಲಸಿಹೋಗುತ್ತವೆ. ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿ, ಆದರೆ ಮೂಲ ಚಿತ್ರವನ್ನೇ ತಂದು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸುವುದು ಉತ್ತಮ. ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ. ಬಾಗಿಲ ಹತ್ತಿರದ ನೆರಳಿನ ಬೆಳಕಿನಲ್ಲಿಟ್ಟು, ಫ್ಲ್ಯಾಶ್ ಇಲ್ಲದೆ, ನೇರ ಮೇಲಿನಿಂದ ತೆಗೆಯಿರಿ. ಕೊಟ್ಟವರ ಹೆಸರನ್ನು ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಮೆಲ್ಲಗೆ ಬರೆಯಿರಿ. ಬಾಲ್‌ಪೆನ್ ಮುಂದಿನ ಮುಖಕ್ಕೆ ಮೂಡುತ್ತದೆ. ಸ್ಕ್ಯಾನ್ ಆದ ವಾರದಲ್ಲೇ ಹಿಂತಿರುಗಿಸಿ, ಮನೆಯಲ್ಲಿ ಅದೊಂದೇ ಫೋಟೊ ಇರಬಹುದು.

ಹೆಸರು ಹಚ್ಚಲು ಎ3 ಅಳತೆಗೆ ಒಂದು ಪ್ರತಿ ತೆಗೆಸಿ, ಪ್ರತಿ ತಲೆಗೂ ನಂಬರು ಬರೆದು ಡೇರಿಯ ಗೋಡೆಗೆ ಅಂಟಿಸಿ. ಪಕ್ಕದಲ್ಲಿ ಖಾಲಿ ಹಾಳೆ, ದಾರಕ್ಕೆ ಕಟ್ಟಿದ ಪೆನ್ನು. ಜಗಳವೂ ಆಗುತ್ತದೆ, ಹೆಸರೂ ಸಿಗುತ್ತದೆ. ಗುರುತು ಸಿಗದವರನ್ನು ‘ಹೆಸರು ತಿಳಿದಿಲ್ಲ’ ಎಂದೇ ಹಾಕಿ, ಕತ್ತರಿಸಬೇಡಿ.

8. ಡಿಟಿಪಿ ಮತ್ತು ಅಚ್ಚು

ನೀವು ಫೋನಿನಲ್ಲಿ ಟೈಪ್ ಮಾಡುವುದು ಯೂನಿಕೋಡ್. ಪಟ್ಟಣದ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ನುಡಿ, ಶ್ರೀಲಿಪಿಯಂಥ ಹಳೆ ಫಾಂಟುಗಳು. ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತು ಎಡವುತ್ತವೆ. ಲಕ್ಷ್ಮೀದೇವಮ್ಮ, ಕೃಷ್ಣಪ್ಪ, ಪಾರ್ವತಮ್ಮ, ಇಂಥ ಹೆಸರುಗಳಲ್ಲೇ ಏಟು ಬೀಳುವುದು. ಕರಡನ್ನು ಪರಿವರ್ತನೆ ಆದ ಮೇಲೆ, ಕಾಗದದ ಮೇಲೆ, ಹೆಸರುಗಳನ್ನು ವಹಿಯ ಪಟ್ಟಿಯ ಪಕ್ಕ ಇಟ್ಟುಕೊಂಡು ಓದಿ. ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ನೋಡಲಿ.

ಅಕ್ಷರ 13 ಅಥವಾ 14 ಪಾಯಿಂಟ್ ಇರಲಿ, ಓದುವವರಲ್ಲಿ ಅರ್ಧ ಜನ ಕನ್ನಡಕದವರು. ಮಧ್ಯೆ ಪಿನ್ ಹೊಡೆಯುವುದಾದರೆ ಪುಟಗಳ ಸಂಖ್ಯೆ 4ರಿಂದ ಭಾಗವಾಗಬೇಕು. ಒಳಗೆ 70 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದ ಸಾಕು, ಫೋಟೊಗಳಿಗೆ ನಡುವೆ ಎಂಟು ಪುಟ ಆರ್ಟ್ ಪೇಪರ್ ಹಾಕಿದರೆ ಖರ್ಚು ಹತೋಟಿಯಲ್ಲಿರುತ್ತದೆ. ಮೂರು ಕಡೆ ದರ ಕೇಳಿ ಬರಹದಲ್ಲೇ ಪಡೆಯಿರಿ.

9. ದುಡ್ಡು, ಹಂಚಿಕೆ, ಉಳಿದ ಕಡತ

ಇಬ್ಬರ ಸಹಿಯ ಬ್ಯಾಂಕ್ ಖಾತೆ, ಪ್ರತಿ ನೂರು ರೂಪಾಯಿಗೂ ರಸೀದಿ, ಕೊನೆಯ ಪುಟದಲ್ಲಿ ಜಮಾ-ಖರ್ಚು. ಶುಭಸಂದೇಶಗಳೆಲ್ಲ ಸೇರಿ ಎರಡು ಪುಟ ಮೀರಬಾರದು ಎಂದು ಮೊದಲ ಸಭೆಯಲ್ಲೇ ಬರೆದು ಸಹಿ ಹಾಕಿಸಿಕೊಳ್ಳಿ, ಆಮೇಲೆ ಯಾರ ಕೈಲೂ ತಡೆಯಲಾಗುವುದಿಲ್ಲ. ಜಾಹೀರಾತು ಕೊಟ್ಟವರಿಗೆ ಬರಹದ ಮೇಲೆ ಹಕ್ಕಿಲ್ಲ ಎಂಬುದೂ ಆ ನಿರ್ಣಯದಲ್ಲಿರಲಿ.

ಪ್ರತಿಗಳನ್ನು ಸಮಾರಂಭದ ದಿನವೇ ಮುಗಿಸಬೇಡಿ. ಬರಲಾಗದವರ ತವರುಮನೆಗೆ ಒಂದೊಂದು ತಲುಪಿಸಿ. ಶಾಲೆಯ ಬೀರುವಿಗೆ ಐದು, ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಎರಡು, ಜಿಲ್ಲಾ ಗ್ರಂಥಾಲಯಕ್ಕೆ ಎರಡು ಕೊಟ್ಟು ಸ್ವೀಕೃತಿ ಪಡೆಯಿರಿ. ಸ್ಕ್ಯಾನ್ ಚಿತ್ರ, ಧ್ವನಿಮುದ್ರಿಕೆ, ಯೂನಿಕೋಡ್ ಬರಹ ಮೂರನ್ನೂ ಎರಡು ಪೆನ್‌ಡ್ರೈವ್‌ಗೆ ಹಾಕಿ ಒಂದನ್ನು ಊರಲ್ಲಿ, ಇನ್ನೊಂದನ್ನು ಬೇರೆ ಊರಿನ ಒಬ್ಬರ ಬಳಿ ಇಡಿ, ಗೂಗಲ್ ಡ್ರೈವ್‌ನಲ್ಲಿ ಮೂರನೇ ಪ್ರತಿ. ಸಂಚಿಕೆ ಹೊರಬಂದ ವಾರದಲ್ಲೇ ‘ನನ್ನ ಹೆಸರು ಬಿಟ್ಟಿದ್ದೀರಿ’ ಎಂದು ಫೋನುಗಳು ಶುರುವಾಗುತ್ತವೆ. ಅದಕ್ಕೆಂದೇ ಒಂದು ನೋಟ್‌ಬುಕ್ಕನ್ನು ಡೇರಿಯಲ್ಲಿಟ್ಟಿರಿ.